ತಿಂಗಳಿಡೀ ಮಳೆ, ಮೈಯೆಲ್ಲ ಭಾರ: 1243ರಲ್ಲಿ ವೈದ್ಯರೇ ರೋಗಿಯಾದ ಪ್ರಕರಣ

ಈ ಪ್ರಕರಣದಲ್ಲಿ ರೋಗಿಯೂ ವೈದ್ಯರೂ ಒಬ್ಬರೇ. ಹೆಸರು ಲೀ ಗಾವೋ. ಚೀನೀ ವೈದ್ಯಪದ್ಧತಿಯ ಪರಿಚಯ ಇರುವವರಿಗೆ ಲೀ ದೊಂಗ್‌ಯುವಾನ್ ಎಂಬ ಇನ್ನೊಂದು ಹೆಸರು ಜಾಸ್ತಿ ಗೊತ್ತಿರುತ್ತದೆ. ವಯಸ್ಸು 63. ವರ್ಷ 1243. ಚೀನೀ ಪಂಚಾಂಗದ ಆರನೇ, ಏಳನೇ ತಿಂಗಳು, ಅಂದರೆ ಹೆಚ್ಚುಕಡಿಮೆ ನಮ್ಮ ಆಷಾಢ, ಶ್ರಾವಣದ ಹೊತ್ತು. ಒಂದು ತಿಂಗಳು ದಾಟಿದರೂ ಮಳೆ ನಿಂತಿರಲಿಲ್ಲ. ಆ ಹೊತ್ತಿನಲ್ಲಿ ಇರಬೇಕಾದ ಸೆಕೆಯೂ ಇರಲಿಲ್ಲ, ಬರೀ ಥಂಡಿ. ಸುತ್ತಮುತ್ತ ಬಹಳ ಜನರಿಗೆ ಭೇದಿ ಹಿಡಿದಿತ್ತು.

ಒಂದು ದಿನ ಅವರಿಗೂ ಮೈ ಭಾರವಾಯಿತು. ಕೈಕಾಲಿನ ಕೀಲುಗಳಲ್ಲಿ ನೋವು ಶುರುವಾಯಿತು. ಮೂರು ಸಲ ಭೇದಿ ಆಯಿತು. ಮೂತ್ರ ಮಾತ್ರ ಕಟ್ಟಿಕೊಂಡಿತು.

ಇಷ್ಟೇ ಆಗಿದ್ದರೆ ಮಳೆಗಾಲದ ಒಂದು ಸಾಮಾನ್ಯ ಹೊಟ್ಟೆ ಕೆಡುವಿಕೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಲೀ ಗಾವೋ ತಮ್ಮ ಹಿಂದಿನ ಸ್ಥಿತಿಯನ್ನೂ ಬರೆದಿಟ್ಟಿದ್ದಾರೆ, ಪ್ರಕರಣದ ತಿರುಳು ಅಲ್ಲೇ ಇದೆ. ಅವರ ಜೀರ್ಣಶಕ್ತಿ ಬಹಳ ವರ್ಷಗಳಿಂದ ಕುಗ್ಗಿತ್ತು. ಕಣ್ಣು, ಕಿವಿ ಎರಡೂ ಅರ್ಧಕ್ಕರ್ಧ ಹೋಗಿದ್ದವು. ಸ್ವಲ್ಪಕ್ಕೇ ಏದುಸಿರು. ಮನಸ್ಸಿಗೆ ಹುರುಪಿಲ್ಲ. ನಾಡಿ ವೀಣೆಯ ತಂತಿಯಂತೆ ಬಿಗಿಯಾಗಿ ಸಿಗುತ್ತಿತ್ತು. ಇದಕ್ಕೆಲ್ಲ ಒಂದು ಕಾರಣವಾಗಿ ಅವರು ಕೊಡುವುದು ಏನು ಗೊತ್ತಾ? ತಾವು ಜಾಸ್ತಿ ಮಾತಾಡಿದ್ದು. ಶಿಷ್ಯರಿಗೆ ಪಾಠ ಹೇಳಿ ದಣಿದ ಯಾವ ಮೇಷ್ಟರಿಗೂ ಈ ಸಾಲು ಓದಿದರೆ ನಗು ಬರದೇ ಇರದು.

ಹೀಗೆ ಮೊದಲೇ ಬಳಲಿದ ದೇಹ. ಅದರ ಮೇಲೆ ತಿಂಗಳ ಮಳೆ, ಥಂಡಿ, ಭೇದಿ. ಔಷಧಿ ಏನು ಕೊಡಬೇಕು?

ಯಾರು ಈ ರೋಗಿ

ಲೀ ಗಾವೋ ಹುಟ್ಟಿದ್ದು 1180ರಲ್ಲಿ, ಈಗಿನ ಹೆಬೇ ಪ್ರಾಂತ್ಯದ ಝೆಂಗ್‌ಡಿಂಗ್‌ನಲ್ಲಿ. ಶ್ರೀಮಂತರ ಮನೆ. ತಾಯಿ ಕಾಯಿಲೆ ಬಿದ್ದಾಗ ಊರಿನ ವೈದ್ಯರನ್ನೆಲ್ಲ ಕರೆಸಿದರು. ಒಬ್ಬೊಬ್ಬರು ಒಂದೊಂದು ಔಷಧಿ ಕೊಟ್ಟರು. ಕೊನೆಗೆ ತಾಯಿ ತೀರಿಕೊಂಡರು. ಯಾವ ಕಾಯಿಲೆಯಿಂದ ಅಂತ ಕೂಡ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅವರು ಭಾರೀ ಹಣ ಕೊಟ್ಟು ಝಾಂಗ್ ಯುವಾನ್‌ಸು ಎಂಬ ಪ್ರಸಿದ್ಧ ವೈದ್ಯರ ಬಳಿ ಕಲಿತರು. ಹೊಟ್ಟೆಪಾಡಿಗಾಗಿ ವೈದ್ಯ ಮಾಡುವ ಅಗತ್ಯ ಇರಲಿಲ್ಲ. ಕೆಲವು ಕಾಲ ಜಿಯುವಾನ್ ಎಂಬಲ್ಲಿ ತೆರಿಗೆ ಅಧಿಕಾರಿಯೂ ಆಗಿದ್ದರು. 1202ರಲ್ಲಿ ಅಲ್ಲಿ ಮುಖ, ತಲೆ ಊದಿಕೊಳ್ಳುವ ಸಾಂಕ್ರಾಮಿಕ ಬಂದಾಗ ಒಂದು ಔಷಧಿ ಸೂತ್ರ ಕಟ್ಟಿಕೊಟ್ಟರು. ಅದನ್ನು ಮರದ ಹಲಗೆಯಲ್ಲಿ ಕೆತ್ತಿ ಜನ ಓಡಾಡುವ ಕಡೆ ನಿಲ್ಲಿಸಿದ್ದರಂತೆ.

ಅವರ ವಿಚಾರವನ್ನು ನಿಜವಾಗಿ ರೂಪಿಸಿದ್ದು 1232. ಆ ವರ್ಷ ಮಂಗೋಲರ ಸೈನ್ಯ ಕೈಫೆಂಗ್ ನಗರವನ್ನು ಮುತ್ತಿತು. ಲೀ ಗಾವೋ ನಗರದ ಒಳಗೇ ಇದ್ದರು. ಮುತ್ತಿಗೆ ಸಡಿಲವಾದ ಮೇಲೆ ಜನ ಸಾಯಲು ಶುರುಮಾಡಿದರು. ನಗರಕ್ಕೆ 12 ಬಾಗಿಲು. ಒಂದೊಂದು ಬಾಗಿಲಿನಿಂದ ದಿನಕ್ಕೆ ಕಡಿಮೆ ಅಂದರೆ 1000, ಜಾಸ್ತಿ ಅಂದರೆ 2000 ಹೆಣ ಹೊರಗೆ ಹೋದವು, ಸುಮಾರು ಮೂರು ತಿಂಗಳು ಹೀಗೇ ನಡೆಯಿತು ಅಂತ ಅವರು ಬರೆದಿದ್ದಾರೆ. ವೈದ್ಯರು ಇದನ್ನು ಹೊರಗಿನಿಂದ ಬಂದ ಶೀತಜ್ವರ ಎಂದುಕೊಂಡರು. ಬೆವರು ಬರಿಸಿದರು, ಜಾಪಾಳ ಕೊಟ್ಟು ಭೇದಿ ಮಾಡಿಸಿದರು. ಜನ ಇನ್ನೂ ಬೇಗ ಸತ್ತರು.

ಲೀ ಗಾವೋ ಕೇಳಿದ ಪ್ರಶ್ನೆ ಸರಳ. ಇಷ್ಟೂ ಜನಕ್ಕೆ ಒಟ್ಟಿಗೇ ಶೀತ ತಗುಲಿತಾ? ಇವರು ತಿಂಗಳುಗಟ್ಟಲೆ ಸರಿಯಾಗಿ ಉಂಡಿಲ್ಲ, ಮಲಗಿಲ್ಲ, ಭಯದಲ್ಲಿ ಬದುಕಿದ್ದಾರೆ. ಮುತ್ತಿಗೆ ಬಿಟ್ಟ ಕೂಡಲೇ ಸಿಕ್ಕಿದ್ದನ್ನೆಲ್ಲ ತಿಂದಿದ್ದಾರೆ. ಇವರ ಹೊಟ್ಟೆಯ ಶಕ್ತಿ ಬತ್ತಿಹೋಗಿದೆ. ಬತ್ತಿದ ದೇಹದಿಂದ ಇನ್ನೂ ಹೊರಗೆ ತೆಗೆದರೆ ಉಳಿಯುವುದು ಏನು? 1247ರಲ್ಲಿ ಈ ವಿಚಾರವನ್ನು ಒಂದು ಪುಸ್ತಕ ಮಾಡಿದರು. 1249ರಲ್ಲಿ ‘ಪಿ ವೇ ಲುನ್’ ಬರೆದರು. ಜೀರ್ಣಾಂಗಗಳ ಬಗೆಗಿನ ಈ ಗ್ರಂಥದಲ್ಲೇ 1243ರ ಅವರ ಸ್ವಂತ ಪ್ರಕರಣ ಇದೆ.

ಮುತ್ತಿಗೆಯ ನಂತರ ಅವರು ಕೈಫೆಂಗ್ ಬಿಟ್ಟು ಉತ್ತರಕ್ಕೆ ಬಂದು ಶಾಂಡಾಂಗ್‌ನ ದೊಂಗ್‌ಪಿಂಗ್‌ನಲ್ಲಿ ನೆಲೆಸಿದ್ದರು. ಹುಟ್ಟೂರಿಗೆ ಮರಳಿದ್ದು 1244ರಲ್ಲಿ. ಹಾಗಾಗಿ ಈ ಮಳೆ ಸುರಿದದ್ದು ಅವರ ನಿರಾಶ್ರಿತ ಜೀವನದ ಕೊನೆಯ ವರ್ಷದಲ್ಲಿ.

ಮೈ ಯಾಕೆ ಭಾರ

ಚೀನೀ ವೈದ್ಯದ ಪ್ರಕಾರ ಹೊರಗೆ ತೇವ ಜಾಸ್ತಿ ಆದರೆ ಒಳಗೂ ತೇವ ಕಟ್ಟಿಕೊಳ್ಳುತ್ತದೆ. ತೇವದ ಸ್ವಭಾವ ಭಾರ, ಅಂಟು, ಕೆಳಮುಖ. ಅದಕ್ಕೇ ತಲೆಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ ಅನಿಸುತ್ತದೆ ಎಂದು ಎರಡು ಸಾವಿರ ವರ್ಷದಷ್ಟು ಹಳೆಯದಾದ ವೈದ್ಯಗ್ರಂಥ ‘ಹುವಾಂಗ್‌ಡಿ ನೇಜಿಂಗ್’ ಹೇಳುತ್ತದೆ. ಕೈಕಾಲು ಎಳೆಯುತ್ತವೆ. ನಾಲಿಗೆ ಮೇಲೆ ದಪ್ಪ ಪದರ ಕೂರುತ್ತದೆ. ಹಸಿವು ಹೋಗುತ್ತದೆ. ಮಲ ಸಡಿಲ ಅಥವಾ ಅಂಟು ಅಂಟು. ಮಲಗಿ ಎದ್ದರೂ ನಿದ್ದೆ ಮಾಡಿದ ಹಾಗೆ ಇರುವುದಿಲ್ಲ.

ತೇವದ ಹೊಡೆತ ಮೊದಲು ಬೀಳುವುದು ಗುಲ್ಮ ಮತ್ತು ಜಠರದ ಮೇಲೆ. ಇಲ್ಲಿ ಗುಲ್ಮ ಅಂದರೆ ಎಡ ಪಕ್ಕೆಯ ಕೆಳಗಿನ ಆ ಅಂಗ ಒಂದೇ ಅಂದುಕೊಳ್ಳಬಾರದು. ಉಂಡದ್ದನ್ನು ಅರಗಿಸಿ, ಅದರ ಸಾರವನ್ನು ಮೇಲಕ್ಕೆತ್ತಿ ಕಣ್ಣು, ಕಿವಿ, ಶ್ವಾಸಕೋಶ, ಕೈಕಾಲುಗಳಿಗೆ ಕಳಿಸುವ ಇಡೀ ಕೆಲಸ ಅದರ ಲೆಕ್ಕಕ್ಕೆ ಬರುತ್ತದೆ. ಜಠರ ಕೆಳಕ್ಕೆ ಇಳಿಸುತ್ತದೆ, ಗುಲ್ಮ ಮೇಲಕ್ಕೆ ಏರಿಸುತ್ತದೆ. ಈ ಏರಿಳಿತ ಕೆಟ್ಟರೆ ಕಾಯಿಲೆ. ಲೀ ಗಾವೋ ಅವರ ಇಡೀ ವೈದ್ಯ ನಿಂತಿರುವುದು ಇದರ ಮೇಲೆ. ಅವರ ಕಣ್ಣು, ಕಿವಿ ಮಂದವಾದದ್ದು, ಉಸಿರು ಸಾಲದೆ ಬಂದದ್ದು ಎಲ್ಲವೂ ಅವರ ಲೆಕ್ಕದಲ್ಲಿ ಒಂದೇ ವಿಷಯ: ಮೇಲೇರಬೇಕಾದ ಯಾಂಗ್, ಅಂದರೆ ಬಿಸಿಯ, ಚಲನೆಯ ಶಕ್ತಿ ಮೇಲೇರುತ್ತಿಲ್ಲ, ತಂಪಿನ, ಕೆಳಮುಖದ ಶಕ್ತಿಯಾದ ಯಿನ್‌ನ ಒಳಗೆ ಅಡಗಿ ಕೂತಿದೆ.

ನಮ್ಮ ಆಯುರ್ವೇದ ಓದಿದವರಿಗೆ ಇಲ್ಲಿ ವರ್ಷ ಋತು ನೆನಪಾಗಬಹುದು. ಮಳೆಗಾಲದಲ್ಲಿ ಜಠರಾಗ್ನಿ ಮಂದವಾಗುತ್ತದೆ, ಹಗುರವಾಗಿ ಉಣ್ಣಿ ಅಂತ ಅಷ್ಟಾಂಗ ಹೃದಯದ ಋತುಚರ್ಯೆ ಹೇಳುತ್ತದೆ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವುದೂ ಇದೇ ಹೊತ್ತಿನಲ್ಲಿ. ಹೋಲಿಕೆ ಇದೆ ನಿಜ. ಆದರೆ ಎರಡನ್ನೂ ಒಂದೇ ಮಾಡಿಬಿಡುವ ಆತುರ ಬೇಡ. ಅಲ್ಲಿ ಮಳೆಗಾಲದಲ್ಲಿ ಕೆರಳುವುದು ಮುಖ್ಯವಾಗಿ ವಾತ. ಇಲ್ಲಿ, ನೋಡೋಣ, ಗಾಳಿಯೇ ಔಷಧಿ.

ಪುಸ್ತಕಗಳೆಲ್ಲ ಒಂದೇ ಕಡೆ ಕೈ ತೋರಿಸಿದವು

ಲೀ ಗಾವೋ ಮೊದಲು ಮಾಡಿದ್ದು ಹಿಂದಿನವರು ಏನು ಹೇಳಿದ್ದಾರೆ ಎಂದು ನೆನಪು ಮಾಡಿಕೊಂಡದ್ದು. ಮಲಮೂತ್ರ ಸರಿಯಾಗಿ ಆಗದಿದ್ದರೆ ಬೇರೆ ಏನನ್ನೂ ನೋಡಬೇಡ, ಮೊದಲು ಅದನ್ನು ಸರಿಮಾಡು ಅಂತ ನೇಜಿಂಗ್ ಹೇಳುತ್ತದೆ. ಕಾಯಿಲೆ ಕೆಳಗಿದ್ದರೆ ಕೆಳಗಿನಿಂದಲೇ ಎಳೆದು ಖಾಲಿ ಮಾಡು ಎನ್ನುವ ಇನ್ನೊಂದು ಮಾತೂ ಇದೆ. ಭೇದಿ ಇದ್ದು ಮೂತ್ರ ಬರದಿದ್ದರೆ ಮೊದಲು ಎರಡನ್ನೂ ಬೇರ್ಪಡಿಸು, ಅಂದರೆ ಮಲದ ಜೊತೆ ಹೋಗುವ ನೀರನ್ನು ಮೂತ್ರದ ದಾರಿಗೆ ತಿರುಗಿಸು. ಇನ್ನು ಕೊನೆಯದು ಬಹಳ ಖಡಕ್ಕು: ತೇವಕ್ಕೆ ಔಷಧಿ ಕೊಡುವಾಗ ಮೂತ್ರ ಇಳಿಸದಿದ್ದರೆ ಅದು ಚಿಕಿತ್ಸೆಯೇ ಅಲ್ಲ.

ಒಂದಲ್ಲ, ನಾಲ್ಕು ಮಾತು. ನಾಲ್ಕೂ ಹೇಳುವುದು ಒಂದೇ: ಮೂತ್ರ ಇಳಿಸುವ ಸಪ್ಪೆ ಔಷಧಿಗಳನ್ನು ಕೊಡು. ಚೀನೀ ವೈದ್ಯದಲ್ಲಿ ಈ ಗುಂಪಿನ ಮುಖ್ಯ ಔಷಧಿ ಪೈನ್ ಮರದ ಬೇರಲ್ಲಿ ಬೆಳೆಯುವ ಫೂಲಿಂಗ್ ಎಂಬ ಶಿಲೀಂಧ್ರ, ನೀರಿನಲ್ಲಿ ಬೆಳೆಯುವ ಝೆಶಿಯೆ ಗಿಡದ ಗೆಡ್ಡೆ, ಇಂಥವು. ಯಾವ ವೈದ್ಯರೂ ಇದನ್ನೇ ಬರೆಯುತ್ತಿದ್ದರು. ಬರೆದಿದ್ದರೆ ಯಾರೂ ತಪ್ಪು ಅನ್ನುತ್ತಲೂ ಇರಲಿಲ್ಲ.

ಲೀ ಗಾವೋ ಇಲ್ಲಿ ಒಂದು ನಿಟ್ಟುಸಿರು ಬಿಡುತ್ತಾರೆ. ಹಿರಿಯರ ಮಾತು ಪುಸ್ತಕದಲ್ಲಿದೆ, ಆದರೆ ಅವರು ಹೇಳದೆ ಉಳಿಸಿದ್ದನ್ನು ನಾವೇ ಹುಡುಕಿಕೊಳ್ಳಬೇಕು ಎಂಬ ಅರ್ಥದ ಮಾತು ಬರೆಯುತ್ತಾರೆ. ಆಮೇಲೆ ತಮ್ಮ ತರ್ಕ ಇಡುತ್ತಾರೆ. ಮೂತ್ರ ಇಳಿಸಿದರೆ ಈ ಕಾಯಿಲೆ ಈಗಲೇ ವಾಸಿಯಾಗಬಹುದು. ಇದನ್ನು ಅವರು ಮುಚ್ಚಿಡುವುದಿಲ್ಲ, ಗಮನಿಸಿ. ಆದರೆ ನನ್ನ ದೇಹದಲ್ಲಿ ಎಲ್ಲವೂ ಈಗಾಗಲೇ ಕೆಳಕ್ಕೆ ಜಾರುತ್ತಿದೆ. ಭೇದಿಯೂ ಕೆಳಕ್ಕೆ, ಮಳೆಯ ತೇವವೂ ಕೆಳಕ್ಕೆ, ವಯಸ್ಸೂ ಹಾಗೇ. ಇದರ ಮೇಲೆ ಇಳಿಸುವ ಔಷಧಿ ಕೊಟ್ಟರೆ ಇಳಿದದ್ದನ್ನು ಇನ್ನೂ ಇಳಿಸಿದ ಹಾಗೆ. ಯಿನ್ ಇನ್ನಷ್ಟು ಬಲಿಯುತ್ತದೆ, ಯಾಂಗ್ ಇನ್ನಷ್ಟು ಸೊರಗುತ್ತದೆ. ಭೇದಿ ನಿಂತರೂ ಸುಸ್ತು ಉಳಿಯುತ್ತದೆ, ಜಾಸ್ತಿಯೂ ಆಗುತ್ತದೆ. ಅದು ಕಾಯಿಲೆಗೇ ಸಹಾಯ ಮಾಡಿದಂತೆ.

ನನಗೆ ಈ ಇಡೀ ಪ್ರಕರಣದಲ್ಲಿ ಔಷಧಿಗಿಂತ ಈ ನಿರಾಕರಣೆಯೇ ದೊಡ್ಡದಾಗಿ ಕಾಣುತ್ತದೆ. ಲಕ್ಷಣ ನೋಡಿ ಔಷಧಿ ಆರಿಸುವುದು ಕಷ್ಟವಲ್ಲ. ಲಕ್ಷಣಕ್ಕೆ ಸರಿಹೊಂದುವ ಔಷಧಿ ಕೈಯಲ್ಲೇ ಇದ್ದಾಗ, ಅದನ್ನು ಕುಡಿಯಬೇಕಾದ ದೇಹ ಎಂಥದ್ದು ಅಂತ ನೋಡಿ ಬೇಡ ಅನ್ನುವುದು ಕಷ್ಟ. ಕೈಫೆಂಗ್‌ನಲ್ಲಿ ಆ 12 ಬಾಗಿಲುಗಳನ್ನು ನೋಡಿದ ಮನುಷ್ಯನಿಗೆ ಈ ಕಷ್ಟ ಸ್ವಲ್ಪ ಕಡಿಮೆ ಆಗಿದ್ದಿರಬೇಕು.

ಕುಡಿದದ್ದು ಏನು

ಸೂತ್ರ ಚಿಕ್ಕದು, ಆರೇ ಪದಾರ್ಥ. ಚಿಯಾಂಗ್‌ಹುವೊ, ದೂಹುವೊ, ಚಾಯ್‌ಹು, ಶೆಂಗ್‌ಮಾ ಒಂದೊಂದು ಚಿಯೆನ್. ಫಾಂಗ್‌ಫೆಂಗ್ ಮತ್ತು ಹುರಿದ ಅತಿಮಧುರ ಅರ್ಧರ್ಧ ಚಿಯೆನ್. ಆ ಕಾಲದ ಒಂದು ಚಿಯೆನ್ ಸುಮಾರು 4 ಗ್ರಾಂ. ಒಟ್ಟು 20 ಗ್ರಾಂ ಆಸುಪಾಸು. ಎಲ್ಲವನ್ನೂ ಒರಟಾಗಿ ಜಜ್ಜಿ, ನಾಲ್ಕು ಬಟ್ಟಲು ನೀರಿಗೆ ಹಾಕಿ, ಒಂದು ಬಟ್ಟಲಿಗೆ ಇಳಿಸಿ, ಸೋಸಿ, ಬಿಸಿಬಿಸಿಯಾಗಿ ಕುಡಿಯುವುದು. ನಮ್ಮ ಮನೆಗಳ ಕಷಾಯದ ಲೆಕ್ಕವೇ.

ಆರೂ ಬೇರು ಅಥವಾ ನೆಲದೊಳಗಿನ ಗೆಡ್ಡೆ. ಅದರಲ್ಲಿ ನಾಲ್ಕು, ಅಂದರೆ ಚಿಯಾಂಗ್‌ಹುವೊ, ದೂಹುವೊ, ಚಾಯ್‌ಹು, ಫಾಂಗ್‌ಫೆಂಗ್, ಒಂದೇ ಸಸ್ಯ ಕುಟುಂಬದವು. ಕೊತ್ತಂಬರಿ, ಜೀರಿಗೆ, ಓಂಕಾಳು, ಕ್ಯಾರೆಟ್ ಸೇರಿರುವ ಕುಟುಂಬ ಅದು. ಘಮ ಜಾಸ್ತಿ, ಹೆಚ್ಚಿನವು ಮೈಗೆ ಬಿಸಿ ತರುವಂಥವು. ಚಿಯಾಂಗ್‌ಹುವೊ ಬೆಳೆಯುವುದು ಸಿಚುವಾನ್, ಗಾನ್ಸು, ಚಿಂಗ್‌ಹಾಯ್ ಕಡೆಯ ಎತ್ತರದ ಬೆಟ್ಟಗಳಲ್ಲಿ. ಈ ಗಿಡಗಳನ್ನು ಚೀನೀ ವೈದ್ಯರು ‘ಗಾಳಿ ಔಷಧಿ’ ಎನ್ನುತ್ತಾರೆ. ಸಾಮಾನ್ಯವಾಗಿ ನೆಗಡಿ, ಮೈಕೈ ನೋವಿಗೆ ಕೊಡುತ್ತಾರೆ. ಶೆಂಗ್‌ಮಾ ಮತ್ತು ಚಾಯ್‌ಹು ಶಕ್ತಿಯನ್ನು ಮೇಲಕ್ಕೆ ಎತ್ತುತ್ತವೆ ಎಂಬುದು ಲೀ ಗಾವೋ ಅವರ ಪಂಥದ ನಂಬಿಕೆ.

ಇದರಲ್ಲಿ ಏನಿಲ್ಲ ಅನ್ನುವುದನ್ನೂ ನೋಡಬೇಕು. ಜಿನ್ಸೆಂಗ್ ಇಲ್ಲ. ಬಲ ತುಂಬುವ ಹುವಾಂಗ್‌ಚಿ ಬೇರೂ ಇಲ್ಲ. ಹೊಟ್ಟೆಗೆ ಶಕ್ತಿ ತುಂಬುವುದರಲ್ಲೇ ಹೆಸರು ಮಾಡಿದ ವೈದ್ಯರು, ಆ ಕಾಲದ ನಾಲ್ಕು ಮಹಾವೈದ್ಯರಲ್ಲಿ ಒಬ್ಬರು, ತಾವೇ ಸುಸ್ತಾಗಿ ಬಿದ್ದಾಗ ಇಂಥ ಒಂದೂ ಟಾನಿಕ್ ತೆಗೆದುಕೊಳ್ಳಲಿಲ್ಲ. ಮಳೆಯ ತೇವ ಒಳಗೆ ಕೂತಿರುವಾಗ ಬಲ ತುಂಬಲು ಹೋದರೆ ತೇವವೂ ಒಳಗೇ ಸಿಕ್ಕಿಕೊಳ್ಳುತ್ತದೆ ಎನ್ನುವುದು ಚೀನೀ ವೈದ್ಯರ ಸಾಮಾನ್ಯ ತಿಳಿವಳಿಕೆ. ಇಳಿಸುವುದೂ ಬೇಡ, ತುಂಬುವುದೂ ಬೇಡ. ಎತ್ತಬೇಕು ಅಷ್ಟೇ.

ತೇವ ಗೆದ್ದಾಗ ಗಾಳಿಯಿಂದ ಅದನ್ನು ಸರಿದೂಗಿಸು, ಕೆಳಗೆ ಬಿದ್ದದ್ದನ್ನು ಮೇಲೆತ್ತು. ಲೀ ಗಾವೋ ಇವೆರಡು ಹಳೆಯ ಸೂತ್ರಗಳನ್ನು ತಮ್ಮ ಬೆಂಬಲಕ್ಕೆ ತಂದುಕೊಳ್ಳುತ್ತಾರೆ. ಸುಮಾರು 400 ವರ್ಷದ ನಂತರ, 1637ರಲ್ಲಿ, ಲೀ ಝೊಂಗ್‌ಝಿ ಎಂಬ ವೈದ್ಯರು ಭೇದಿಗೆ ಒಂಬತ್ತು ಚಿಕಿತ್ಸಾ ವಿಧಾನಗಳನ್ನು ಬರೆದಾಗ ಇದನ್ನೂ ಸೇರಿಸಿದರು. ನೆಲದ ಮೇಲೆ ಕೆಸರು ನಿಂತಿದ್ದರೆ ಗಾಳಿ ಬೀಸಿದಾಗ ಒಣಗುತ್ತದಲ್ಲ, ಹಾಗೆ ಅಂದರು. ಕಾಲುವೆ ತೋಡಿ ನೀರು ಹರಿಸುವುದೊಂದೇ ದಾರಿ ಅಲ್ಲ ಎಂದು ಮಳೆಗಾಲದಲ್ಲಿ ಅಂಗಳ ನೋಡಿದವರಿಗೆ ಯಾರೂ ವಿವರಿಸಬೇಕಿಲ್ಲ.

ಈಗಿನ ಕಣ್ಣಲ್ಲಿ

ಒಂದು ತಿಂಗಳ ಮಳೆ, ಊರಿಡೀ ಭೇದಿ, ಆಮೇಲೆ ಈ ಮನುಷ್ಯನಿಗೂ ಭೇದಿ, ಮೈಕೈ ನೋವು. ಇಂದಿನ ಯಾವ ವೈದ್ಯರೂ ಮೊದಲು ಕುಡಿಯುವ ನೀರನ್ನು ಅನುಮಾನಿಸುತ್ತಾರೆ. ಕರುಳಿನ ಸೋಂಕು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ‘ತೇವ ಜಾಸ್ತಿ ಆದರೆ ಭೇದಿ’ ಅನ್ನುವ ಹಳೆಯ ಗಮನಿಕೆ ತಪ್ಪಲ್ಲ. ಮಳೆಗೂ ಭೇದಿಗೂ ನಂಟಿದೆ. ಮಧ್ಯದಲ್ಲಿ ಇರುವ ಕೊಂಡಿ ಮಾತ್ರ ಅವರಿಗೆ ಕಾಣದ ಸೂಕ್ಷ್ಮಜೀವಿ.

ಮೂತ್ರದ ವಿಷಯ ಇನ್ನೂ ಕುತೂಹಲದ್ದು. ಭೇದಿಯಲ್ಲಿ ನೀರು ಹೋದಾಗ ಮೂತ್ರಪಿಂಡ ಇರುವ ನೀರನ್ನು ಉಳಿಸಿಕೊಳ್ಳಲು ನೋಡುತ್ತದೆ. ಮೂತ್ರ ಕಡಿಮೆಯಾಗುತ್ತದೆ ಅಥವಾ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಮೂತ್ರ ಇಳಿಸುವ ಔಷಧಿ ಕೊಡುವುದು ಅಪಾಯ. ಇಂದು ರಕ್ತದೊತ್ತಡಕ್ಕೆ ಮೂತ್ರವರ್ಧಕ ಮಾತ್ರೆ ತೆಗೆದುಕೊಳ್ಳುವವರಿಗೆ ಜೋರು ಭೇದಿಯಾದರೆ ವೈದ್ಯರು ಆ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಹೇಳುವುದುಂಟು. ಅಂದರೆ ಲೀ ಗಾವೋ ಅವರ ನಿರಾಕರಣೆ ಈಗಿನ ಲೆಕ್ಕದಲ್ಲೂ ಸರಿಯಾಗಿಯೇ ಬರುತ್ತದೆ. ಹಾಗಂತ ಅವರಿಗೆ ಮೂತ್ರಪಿಂಡದ ಕೆಲಸ ಗೊತ್ತಿತ್ತು ಅಂತ ಹಾಡಿ ಹೊಗಳಬೇಕಿಲ್ಲ. ಅವರ ಕಾರಣ ಬೇರೆ, ನಮ್ಮ ಕಾರಣ ಬೇರೆ. ಇಬ್ಬರೂ ಒಂದೇ ಬಾಗಿಲಿಗೆ ಬಂದದ್ದು ಆ ಮುದುಕ ದೇಹವನ್ನು ಸರಿಯಾಗಿ ನೋಡಿದ್ದರಿಂದ.

ಔಷಧಿ ಕೆಲಸ ಮಾಡಿತಾ? ವಾಸಿಯಾದದ್ದನ್ನು ಅವರು ಅರ್ಧ ಸಾಲಿನಲ್ಲಿ ಮುಗಿಸುತ್ತಾರೆ. ಯಾಂಗ್ ಮೇಲೆದ್ದಿತು, ಕಾಯಿಲೆ ಹೋಯಿತು ಎಂಬಂತೆ. ಎಷ್ಟು ದಿನ, ಎಷ್ಟು ಬಟ್ಟಲು, ಜೊತೆಗೆ ಏನು ತಿಂದರು, ಇದ್ಯಾವುದೂ ಇಲ್ಲ. ಮೂರು ಸಲದ ಭೇದಿ ಸುಮ್ನೆ ಬಿಟ್ಟರೂ ಎರಡು ಮೂರು ದಿನದಲ್ಲಿ ನಿಲ್ಲುವುದು ಸಾಮಾನ್ಯ. ಒಬ್ಬನೇ ರೋಗಿ, ಅವನೇ ವೈದ್ಯ, ಅವನೇ ವರದಿಗಾರ. ಇದನ್ನು ಪುರಾವೆ ಅಂತ ಮುಂದಿಡಲು ಆಗುವುದಿಲ್ಲ. ಆರು ಬೇರುಗಳ ಕಷಾಯಕ್ಕಿಂತ ಒಂದು ಪೊಟ್ಟಣ ಒಆರ್‌ಎಸ್ ಅವರಿಗೆ ಜಾಸ್ತಿ ಉಪಕಾರ ಮಾಡುತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಉಪ್ಪು, ಸಕ್ಕರೆ, ನೀರು ಸರಿ ಪ್ರಮಾಣದಲ್ಲಿ ಬೆರೆಸಿದರೆ ಕರುಳು ಹೀರಿಕೊಳ್ಳುತ್ತದೆ ಎಂಬ ತಿಳಿವಳಿಕೆ ಚಿಕಿತ್ಸೆಯಾಗಿ ಬಳಕೆಗೆ ಬರಲು 20ನೇ ಶತಮಾನದ ಎರಡನೇ ಅರ್ಧ ಬೇಕಾಯಿತು.

ತಮ್ಮ ವಾದಕ್ಕೆ ಲೀ ಗಾವೋ ಸೇರಿಸುವ ಒಂದು ಮಾತು ಮಾತ್ರ ಇಂದಿಗೂ ಚುರುಕಾಗಿದೆ. ಏರಿಳಿತದ ನಿಯಮ ತಿಳಿಯದೆ ಎಲ್ಲರಿಗೂ ಒಂದೇ ಔಷಧಿ ಕೊಡುವವನ ಕೈಯಲ್ಲಿ ವಾಸಿಯಾದರೆ, ಅದು ರೋಗಿಯ ಅದೃಷ್ಟ ಅನ್ನುತ್ತಾರೆ. ಇದೇ ಅಳತೆಗೋಲನ್ನು ಅವರ ಕಷಾಯಕ್ಕೂ ಹಿಡಿಯಬಹುದು ಅಲ್ವಾ.

ಅದೇ ತೇವ, ಈ ಸಲ ಸೆಕೆ

1243ರ ಮಳೆ ಥಂಡಿಯದ್ದಾಗಿತ್ತು. ಆದರೆ ಚೀನಾದ ಜನ ದೂರುವ ಸುಸ್ತು ಹೆಚ್ಚಾಗಿ ಸೆಕೆ ಮತ್ತು ತೇವ ಸೇರಿದಾಗಿನದು. ಇದರ ಹಿಂದಿನ ದೇಹಶಾಸ್ತ್ರ ಸುಲಭ. ಬೆವರು ಆರಿದರೆ ಮೈ ತಣಿಯುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ನೀರು, ಉಪ್ಪು ಹೋಗುತ್ತದೆ, ತಂಪು ಸಿಗುವುದಿಲ್ಲ. ಹೃದಯ ಚರ್ಮದ ಕಡೆಗೆ ಜಾಸ್ತಿ ರಕ್ತ ತಳ್ಳಬೇಕಾಗುತ್ತದೆ. ರಾತ್ರಿ ನಿದ್ದೆ ಕೆಡುತ್ತದೆ. ಮಂಗಳೂರಿನ ಏಪ್ರಿಲ್ ಕಂಡವರಿಗೆ ಇದು ಗೊತ್ತು.

ಈ ಬಗೆಗೂ ಲೀ ಗಾವೋ ಅದೇ ಪುಸ್ತಕದಲ್ಲಿ ಒಂದು ಅಧ್ಯಾಯ ಬರೆದಿದ್ದಾರೆ. ಬೇಸಿಗೆಯ ಕೊನೆಯ ಆ ಕಾಲದಲ್ಲಿ ಕೈಕಾಲು ಸೋಲುತ್ತವೆ, ಹುರುಪು ಕಡಿಮೆ, ಅಲುಗಾಡಲೂ ಬೇಜಾರು, ಎದೆ ತುಂಬಿದಂತೆ, ಮೈ ಬಿಸಿ, ಮೂತ್ರ ಹಳದಿ, ಮಲ ಸಡಿಲ. ಇದಕ್ಕೆ ಅವರು ಕೊಟ್ಟದ್ದು ‘ಚಿಂಗ್ ಶು ಯಿ ಚಿ ತಾಂಗ್’. ಹದಿನೈದು ಪದಾರ್ಥಗಳ ಸೂತ್ರ. ಹುವಾಂಗ್‌ಚಿ, ಜಿನ್ಸೆಂಗ್, ಕಾಂಗ್‌ಝು, ಶೆಂಗ್‌ಮಾ, ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆ ಎಲ್ಲ ಇದರಲ್ಲಿ ಇವೆ. ಇಲ್ಲಿ ಟಾನಿಕ್ ಬಂದಿತು, ಯಾಕೆಂದರೆ ಸೆಕೆ ಬೆವರಿನ ಜೊತೆ ಶಕ್ತಿಯನ್ನೂ ಸೋರಿಸಿಬಿಡುತ್ತದೆ ಎಂಬುದು ಅವರ ಲೆಕ್ಕ. ಅದೇ ವೈದ್ಯ, ಅದೇ ತೇವ, ಹವೆ ಬದಲಾದ ಕೂಡಲೇ ಸೂತ್ರವೂ ಪೂರ್ತಿ ಬೇರೆ.

ಆರು ಶತಮಾನದ ನಂತರ ವಾಂಗ್ ಶಿಶಿಯೊಂಗ್ ಎಂಬ ವೈದ್ಯರು ಈ ಸೂತ್ರವನ್ನು ನೇರವಾಗಿ ಟೀಕಿಸಿದರು. ಹೆಸರಲ್ಲಿ ಸೆಕೆ ಕಳೆಯುವುದಿದೆ, ಒಳಗೆ ಅಂಥದ್ದೇನೂ ಇಲ್ಲ ಅಂದರು. ಅವರು ಬರೆದ ಬದಲಿ ಸೂತ್ರದಲ್ಲಿ ಕಲ್ಲಂಗಡಿ ಸಿಪ್ಪೆ, ಬಿದಿರೆಲೆ, ಕಮಲದ ದಂಟು, ಅಕ್ಕಿ ಇವೆ. ಈಗ ಒಂದೇ ಹೆಸರಲ್ಲಿ ಎರಡು ಔಷಧಿ ಚಾಲ್ತಿಯಲ್ಲಿವೆ. ಒಂದು ತೇವ ಕಳೆಯುವ ಕಡೆ ವಾಲುತ್ತದೆ, ಇನ್ನೊಂದು ಒಣಗಿದ ದೇಹಕ್ಕೆ ನೀರು ತುಂಬುವ ಕಡೆ. ಹೆಸರು ಮಾತ್ರ ನೋಡಿ ಕೊಂಡರೆ ಉಲ್ಟಾ ಔಷಧಿ ಮನೆಗೆ ಬರುತ್ತದೆ.

ತೇವ ಕಳೆಯುವ ಹುಚ್ಚು

ಇಂದು ಚೀನಾದಲ್ಲಿ, ಅದರಲ್ಲೂ ದಕ್ಷಿಣದ ಗುವಾಂಗ್‌ಡಾಂಗ್‌ನಲ್ಲಿ, ತೇವ ಮನೆಮಾತು. ಅಲ್ಲಿ ವಸಂತದಲ್ಲಿ ಸಮುದ್ರದ ಕಡೆಯಿಂದ ಬೆಚ್ಚನೆಯ ತೇವಗಾಳಿ ನುಗ್ಗಿದಾಗ ಗೋಡೆ, ನೆಲ ಎಲ್ಲ ಬೆವರುತ್ತವೆ. ಬಟ್ಟೆ ಒಣಗುವುದಿಲ್ಲ. ಸುಸ್ತಾದರೆ, ಮುಖದಲ್ಲಿ ಮೊಡವೆ ಎದ್ದರೆ, ಹೊಟ್ಟೆ ಉಬ್ಬರಿಸಿದರೆ ಜನ ಮೊದಲು ಹೇಳುವುದು ಮೈಯಲ್ಲಿ ತೇವ ಸೇರಿದೆ ಅಂತಲೇ. ಬೀದಿ ಬೀದಿಯಲ್ಲಿ ಲಿಯಾಂಗ್‌ಚಾ ಅಂಗಡಿ, ಕಹಿ ಕಷಾಯ ಲೋಟದಲ್ಲಿ ಸಿಗುತ್ತದೆ. 2006ರಲ್ಲಿ ಇದು ಚೀನಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೂ ಸೇರಿತು. ಮನೆಯಲ್ಲಿ ಯಿಮಿ ಎಂಬ ಜವೆಯಂಥ ಕಾಳು, ಕೆಂಪು ಬೀನ್ಸ್ ಬೇಯಿಸಿ ಆ ನೀರು ಕುಡಿಯುತ್ತಾರೆ. ಅದು ಪುಡಿಯಾಗಿ, ಟೀ ಪೊಟ್ಟಣವಾಗಿ ಆನ್‌ಲೈನಲ್ಲೂ ಸಿಗುತ್ತದೆ.

ಲೀ ಗಾವೋ ಬೇಡ ಅಂದದ್ದು ಸರಿಯಾಗಿ ಇದನ್ನೇ. ಯಿಮಿ ಕೂಡ ಮೂತ್ರ ಇಳಿಸುವ ಸಪ್ಪೆ ಔಷಧಿಗಳ ಗುಂಪಿನದು, ಚೀನೀ ಲೆಕ್ಕದಲ್ಲಿ ಸ್ವಲ್ಪ ತಂಪು. ಲಿಯಾಂಗ್‌ಚಾ ಇನ್ನೂ ತಂಪು. ನಾಲಿಗೆ ಮೇಲೆ ದಪ್ಪ ಹಳದಿ ಪದರ ಇರುವ, ಜೋರಾಗಿ ಉಣ್ಣುವ ಯುವಕನಿಗೆ ಅದು ಹೊಂದಬಹುದು. ಕೈಕಾಲು ತಣ್ಣಗಿರುವ, ಉಂಡದ್ದು ಅರಗದ, ಬೆಳಗ್ಗೆಯೇ ಸುಸ್ತಾಗಿ ಏಳುವ ಹೆಂಗಸು ತಿಂಗಳುಗಟ್ಟಲೆ ಕುಡಿದರೆ ಸುಸ್ತು ಜಾಸ್ತಿಯಾಗುತ್ತದೆ ಎಂದು ಅಲ್ಲಿನ ವೈದ್ಯರೇ ಹೇಳುತ್ತಾರೆ. ಸರಿಯಾದ ಚಿಕಿತ್ಸಾಲಯದಲ್ಲಿ ನಾಲಿಗೆ, ನಾಡಿ, ಹಸಿವು, ಮಲ, ಬೆವರು, ನಿದ್ದೆ ಎಲ್ಲ ಕೇಳಿಯೇ ಔಷಧಿ ಬರೆಯುವುದು. ಥಂಡಿ ತೇವಕ್ಕೆ ‘ಪಿಂಗ್ ವೇ ಸಾನ್’. ಸೆಕೆ ತೇವಕ್ಕೆ ವು ಜುಟಾಂಗ್ 1798ರಲ್ಲಿ ಬರೆದ ‘ಸಾನ್ ರೆನ್ ತಾಂಗ್’. ಜೀರ್ಣಶಕ್ತಿ ಕುಗ್ಗಿದವರಿಗೆ ಸೊಂಗ್ ರಾಜರ ಕಾಲದಿಂದ ಬಂದ ‘ಶೆನ್ ಲಿಂಗ್ ಬಾಯ್ ಝು ಸಾನ್’. ಹೆಸರುಗಳು ಗೊತ್ತಿದ್ದರೆ ಸಾಕು, ಕೊಂಡು ಕುಡಿಯಲು ಅಲ್ಲ.

ಯಾಕೆಂದರೆ ತೇವ ಕಳೆಯುವ ಗಿಡಗಳಲ್ಲೇ ಕೆಟ್ಟ ಇತಿಹಾಸವೂ ಇದೆ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ತೂಕ ಇಳಿಸುವ ಕ್ಲಿನಿಕ್ ಒಂದರಲ್ಲಿ ಮಾತ್ರೆ ತೆಗೆದುಕೊಂಡ ಮಹಿಳೆಯರ ಮೂತ್ರಪಿಂಡಗಳು ಸಾಲುಸಾಲಾಗಿ ಕೆಟ್ಟವು. ಫಾಂಗ್‌ಜಿ ಎಂಬ ತೇವ ಕಳೆಯುವ ಬೇರಿನ ಜಾಗಕ್ಕೆ ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿತ್ತು. ಅದರಲ್ಲಿನ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರೂ ತರುತ್ತದೆ. ಚೀನಾ ಸರ್ಕಾರ 2003, 2004ರಲ್ಲಿ ಈ ಜಾತಿಯ ಕೆಲವು ಔಷಧಿಗಳನ್ನು ಕೈಬಿಟ್ಟಿತು. ನಮ್ಮಲ್ಲಿ ನಾಟಿ ಔಷಧಿಗೆ ಬಳಸುವ ಈಶ್ವರಿ ಬೇರು ಇದೇ ಜಾತಿಯದು ಎಂಬುದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು, ಚೀನಾದ ಬೇಸಿಗೆಯಲ್ಲಿ ಬಹಳ ಖರ್ಚಾಗುವ ‘ಹುವೊಶಿಯಾಂಗ್ ಝೆಂಗ್‌ಚಿ’ ದ್ರವ. ಹೊಟ್ಟೆ ಕೆಟ್ಟು ತಲೆ ಭಾರವಾದಾಗ ಕುಡಿಯುವುದು. ಹಳೆಯ ಬಗೆಯ ದ್ರವದಲ್ಲಿ 40ರಿಂದ 50 ಶೇಕಡಾ ಆಲ್ಕೋಹಾಲ್ ಇರುತ್ತದೆ. ಕೆಲವು ಸೆಫಲೋಸ್ಪೊರಿನ್ ಆಂಟಿಬಯಾಟಿಕ್‌ಗಳ ಜೊತೆ ಅದನ್ನು ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿಯಬಹುದು. ಅತಿಮಧುರವೂ ಮುಗ್ಧ ಅಲ್ಲ. ದಿನವೂ ಜಾಸ್ತಿ ತೆಗೆದುಕೊಂಡರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ಲೀ ಗಾವೋ ಅವರಂಥ ರೋಗಿ ಈಗ ನಿಮ್ಮ ಮನೆಯಲ್ಲಿದ್ದರೆ ಮೊದಲು ಒಆರ್‌ಎಸ್, ಆಮೇಲೆ ಆಸ್ಪತ್ರೆ. ಅರವತ್ತು ದಾಟಿದವರಿಗೆ ಭೇದಿಯ ಜೊತೆ ಏಳೆಂಟು ಗಂಟೆ ಮೂತ್ರವೇ ಬರದಿದ್ದರೆ ಕಾಯಬಾರದು. ನೀರು ಕಡಿಮೆಯಾದದ್ದೋ, ಗಂಡಸರಾಗಿದ್ದರೆ ಪ್ರಾಸ್ಟೇಟ್ ಅಡ್ಡ ಬಂದದ್ದೋ ಅನ್ನುವುದು ಹೊಟ್ಟೆ ಮುಟ್ಟಿ, ಸ್ಕ್ಯಾನ್ ಮಾಡಿ ನೋಡಿದರೆ ಗೊತ್ತಾಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಮೈಕೈ ನೋವಿನ ಜೊತೆ ಜ್ವರ ಬಂದರೆ ಡೆಂಗಿ, ಇಲಿಜ್ವರ ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಬೇಕು. ಮಳೆ ಹೋಗಿ ಬಿಸಿಲು ಬಂದ ಮೇಲೂ ಸುಸ್ತು ಬಿಡದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸಿ.